ಅರ್ಥ ತಿಳಿಯದ ಬುರ್ದಾಕ್ಕೂ ಕಣ್ಣು ಒದ್ದೆಯಾಗುವುದೇಕೆ?

ಬುರ್ದಾ ಮಜ್ಲಿಸ್‌ನಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಅರಬಿ ಬರುತ್ತದೆ ಹೇಳಿ? ಉಸ್ತಾದರಿಗೆ, ದರ್ಸ್‌ನಲ್ಲಿ ಕಲಿತ ಒಬ್ಬಿಬ್ಬರಿಗೆ. ಊರು ಬಿಟ್ಟು ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆ ಬಂದು ನೆಲೆಸಿದ ನಾವು ಹೆಚ್ಚಿನವರು ಅಂಗಡಿ, ಹೋಟೆಲ್, ಬೇಕರಿ ಅಂತ ಬದುಕು ಕಟ್ಟಿಕೊಂಡವರು. ಆದರೂ ಎಲ್ಲರೂ ಒಟ್ಟಾಗಿ ಹಾಡುವ ಸಾಲು ಬಂದಾಗ ದನಿ ತಾನಾಗಿಯೇ ಏಳುತ್ತದೆ. ಗಲ್ಲಾದಲ್ಲಿ ಗಟ್ಟಿ ಕೂರುವವರೂ ಮೆಲ್ಲಗೆ ಕಣ್ಣೊರೆಸಿಕೊಳ್ಳುತ್ತಾರೆ.

ಬುರ್ದಾ ಬರೆದವರು ಈಜಿಪ್ಟಿನ ಇಮಾಂ ಬೂಸೀರಿ, 13ನೇ ಶತಮಾನದಲ್ಲಿ. ಪಾರ್ಶ್ವವಾಯು ಬಡಿದು ಮಲಗಿದ್ದಾಗ ಪ್ರವಾದಿ(ಸ) ಅವರನ್ನು ನೆನೆದು ಇದನ್ನು ಕಟ್ಟಿದರು. ಕನಸಿನಲ್ಲಿ ಪ್ರವಾದಿಯವರು ತಮ್ಮ ಮೇಲುಹೊದಿಕೆಯನ್ನು ಅವರಿಗೆ ಹೊದಿಸಿದರು, ಬೆಳಗ್ಗೆ ಎದ್ದಾಗ ಕಾಯಿಲೆ ಗುಣವಾಗಿತ್ತು ಅನ್ನುವುದು ಪ್ರತೀತಿ. ಬುರ್ದಾ ಅಂದರೆ ಆ ಹೊದಿಕೆಯೇ. ಕಷ್ಟ ಬಂದ ಮನೆಯಲ್ಲಿ ಇದನ್ನು ಓದಿಸುವುದರ ಹಿಂದೆ ಈ ಕಥೆಯಿದೆ.

ಊರಿನ ಹಿರಿಯ ಹೆಂಗಸರ ಬಾಯಲ್ಲಿದ್ದ ಮುಹ್ಯುದ್ದೀನ್ ಮಾಲೆಯೂ ಹೀಗೆಯೇ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಶೈಖ್ ಜೀಲಾನಿಯವರ ಮೇಲೆ ಅರಬಿ-ಮಲಯಾಳದಲ್ಲಿ ಬರೆದದ್ದು. ಅದರ ಹಳೆಯ ಮಾತು ಹಾಡುವವರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಮಗ್ರಿಬ್ ಬಾಂಗ್ ಆಗಿ, ನಮಾಝ್ ಮುಗಿಸಿ, ಗೋಡೆಗೊರಗಿ ಕೂತು ಹಾಡುವಾಗ ಅವರು ಪದಗಳ ಅರ್ಥ ಹುಡುಕುತ್ತಲೂ ಇರಲಿಲ್ಲ. ಮಗು ಜ್ವರದಿಂದ ಮಲಗಿದ್ದರೆ, ಗಂಡ ಕಡಲಾಚೆ ಇದ್ದರೆ, ಆ ಭಯ, ಆ ಬೇಡಿಕೆ ಎಲ್ಲವೂ ರಾಗದಲ್ಲೇ ಹೋಗುತ್ತಿತ್ತು.

ವಾದ್ಯದ ವಿಷಯಕ್ಕೆ ಬಂದರೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆ ಇಲ್ಲಿ ಬೇಡ. ದಫ್ಫಿಗೆ ಮಾತ್ರ ಹದೀಸ್‌ನಲ್ಲೇ ಜಾಗವಿದೆ. ಈದ್ ದಿನ ಆಯಿಶಾ(ರ) ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಾರಿಸುತ್ತಾ ಹಾಡುತ್ತಿದ್ದರು. ಅಬೂಬಕರ್(ರ) ಗದರಿಸಿದಾಗ, ಈದ್ ಅಲ್ಲವೇ, ಬಿಟ್ಟುಬಿಡಿ ಎಂದವರು ಪ್ರವಾದಿಯವರೇ. ಕರಾವಳಿಯ ಮಳೆಗಾಲದಲ್ಲಿ ದಫ್ಫಿನ ಚರ್ಮ ಮೆತ್ತಗಾಗುತ್ತದೆ, ಬೆಂಕಿಯ ಕಾವಿಗೆ ಹಿಡಿದೇ ಬಾರಿಸಬೇಕು. ದೊಡ್ಡಬಳ್ಳಾಪುರದ ಒಣ ಗಾಳಿಯಲ್ಲಿ ಆ ಗೋಜು ಕಡಿಮೆ! ಇಲ್ಲಿ ಕಷ್ಟ ಬೇರೆಯದು: ದಫ್ ಹಿಡಿಯುವ ಕೈಗಳೇ ಸಿಗುವುದಿಲ್ಲ.

ಇಲ್ಲಿನ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ನೆರೆಮನೆಯಲ್ಲಿ ದಖ್ಖನಿ ಉರ್ದು. ಉಮ್ಮ ಬ್ಯಾರಿಯಲ್ಲಿ ಕೇಳಿದರೆ ಮಗ ಕನ್ನಡದಲ್ಲಿ ಉತ್ತರಿಸುತ್ತಾನೆ. ಮದುವೆಯಲ್ಲಿ ಮೈಲಾಂಜಿ ಹಾಡನ್ನು ಪೆನ್‌ಡ್ರೈವ್ ಹಾಡುತ್ತದೆ, ಹೆಂಗಸರು ಕೂತು ಕೇಳುತ್ತಾರೆ. ಇದು ನಮಗೆ ಸರಿ ಕಾಣುವುದಿಲ್ಲ. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡಮಿ ಬಂತು, ಸಂತೋಷ. ಆದರೆ ಪಕ್ಕದಲ್ಲಿ ಕೂತು ಹಾಡಿಕೊಡುವ ಕೆಲಸವನ್ನು ಅಕಾಡಮಿ ಮಾಡಲಾಗದು, ಅದು ಮನೆಯವರದೇ.

ಅರ್ಥ ಗೊತ್ತಿಲ್ಲದೆ ಹಾಡಿದರೇನು ಪ್ರಯೋಜನ ಅಂತ ಕೇಳುವವರಿದ್ದಾರೆ. ಅರ್ಥ ಕಲಿಯಲೇಬೇಕು, ಉಸ್ತಾದರು ಎರಡು ಸಾಲಿಗೊಮ್ಮೆ ನಿಲ್ಲಿಸಿ ಹೇಳಿಕೊಟ್ಟರೆ ಎಷ್ಟು ಚೆನ್ನ. ಆದರೆ ಕಲಿಯುವ ತನಕ ಬಾಯಿ ಮುಚ್ಚಿ ಕೂರಬೇಕೇ? ಇಲ್ಲಿನ ಎಷ್ಟೋ ಮಸೀದಿಗಳಲ್ಲಿ ಜುಮಾ ಬಳಿಕ ಎದ್ದು ನಿಂತು ಉರ್ದು ಸಲಾಂ ಹಾಡುತ್ತಾರೆ. ಉರ್ದು ಸರಿಯಾಗಿ ಬಾರದ ನಾವೂ ಆ ಸಾಲಿನಲ್ಲಿ ನಿಂತು ದನಿಗೂಡಿಸುತ್ತೇವೆ. ನೆರೆಯ ಉರ್ದು ಮಾತಿನವರು ನಮ್ಮ ಬುರ್ದಾಕ್ಕೆ ಬಂದಾಗ ಅವರೂ ಹಾಗೆಯೇ ತಲೆದೂಗುತ್ತಾರೆ. ಯಾರೂ ಯಾರ ಹತ್ತಿರವೂ ಅರ್ಥ ಕೇಳಿಲ್ಲ.

ಬುರ್ದಾದಲ್ಲಿ ಸುಮಾರು 160 ಸಾಲುಗಳಿವೆ, ಪ್ರತಿ ಸಾಲೂ ಮುಗಿಯುವುದು 'ಮಿ' ಎಂಬ ದನಿಯಲ್ಲಿ. ಬಾಪನ ಮಡಿಲಲ್ಲಿ ಕೂತ ಮೂರು ವರ್ಷದ ಮಗು ಮೊದಲು ಹಿಡಿಯುವುದು ಅದನ್ನೇ. ಮಿಕ್ಕ ಸಾಲಿಡೀ ಸುಮ್ಮನಿದ್ದು, ಕೊನೆಯಲ್ಲಿ ಎಲ್ಲರಿಗಿಂತ ಜೋರಾಗಿ 'ಮೀ' ಅನ್ನುತ್ತದೆ.