ಹಳೆಯ ಬರಹಗಳ ಕಣಜ

ಮನುಷ್ಯನ ಸ್ಮರಣಶಕ್ತಿಗೆ ಮಿತಿ ಉಂಟು. ನಿನ್ನೆ ಕೇಳಿದ ಮಾತಿನಲ್ಲಿ ಅರ್ಧವು ಇಂದು ಮರೆತುಹೋಗಿರುತ್ತದೆ. ಹತ್ತು ವರ್ಷಗಳ ಹಿಂದಿನ ಮಾತು ಬಾಯಿಂದ ಬಾಯಿಗೆ ಹರಿದು ಬಂದಾಗ ಅದರ ರೂಪವೇ ಬದಲಾಗಿರುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕೆ ಬರವಣಿಗೆಯು ಅವನಿಗೆ ನೆರವಾಯಿತು. ಕಲ್ಲು, ತಾಮ್ರದ ತಗಡು, ತಾಳೆಯ ಓಲೆ, ಬಟ್ಟೆ, ಕಾಗದ - ಕೈಗೆ ಸಿಕ್ಕಿದ ವಸ್ತುವಿನ ಮೇಲೆಲ್ಲ ಅವನು ತನ್ನ ವ್ಯವಹಾರಗಳನ್ನು ಬರೆದಿಟ್ಟನು. ಆದರೆ ಬರಹಗಳು ಬೆಳೆಯುತ್ತ ಹೋದಂತೆ ಹೊಸದೊಂದು ಪ್ರಶ್ನೆ ಹುಟ್ಟಿತು. ಯಾವ ಕೆಲಸಕ್ಕಾಗಿ ಒಂದು ಕಾಗದವನ್ನು ಬರೆಯಲಾಯಿತೋ ಆ ಕೆಲಸ ಮುಗಿದ ಮೇಲೆ ಆ ಕಾಗದವನ್ನು ಏನು ಮಾಡಬೇಕು?

ಇದಕ್ಕೆ ಸುಲಭವಾದ ಉತ್ತರಗಳು ಎರಡು. ಎಲ್ಲವನ್ನೂ ಇದ್ದಲ್ಲಿಯೇ ಬಿಡುವುದು ಒಂದು. ಹಳೆಯದನ್ನೆಲ್ಲ ಸುಟ್ಟು ಸ್ಥಳವನ್ನು ತೆರವು ಮಾಡುವುದು ಇನ್ನೊಂದು. ಮೊದಲನೆಯದರಿಂದ ಕಚೇರಿಯ ಮೇಜು, ಕಪಾಟು, ಮೊಗಸಾಲೆಗಳೆಲ್ಲ ಕಾಗದಗಳಿಂದ ತುಂಬಿ, ಬೇಕಾದ ಕಾಗದ ಬೇಕಾದಾಗ ಸಿಕ್ಕದಂತಾಗುತ್ತದೆ. ಎರಡನೆಯದರಿಂದ ಒಮ್ಮೆ ಕಳೆದುಕೊಂಡದ್ದನ್ನು ಮರಳಿ ಪಡೆಯುವ ದಾರಿಯೇ ಇಲ್ಲವಾಗುತ್ತದೆ. ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟು. ನಿತ್ಯದ ಬಳಕೆಯಿಂದ ತೆಗೆದ ಬರಹವನ್ನು ನಾಶಮಾಡದೆ, ತಿದ್ದದೆ, ಅದರ ಕಾಲ ಮತ್ತು ಮೂಲಗಳನ್ನು ಗುರುತಿಸಿ ಬೇರೊಂದು ಸ್ಥಳದಲ್ಲಿ ಕಾಪಿಡುವುದೇ ಆ ದಾರಿ. ಹೀಗೆ ಕಾಪಿಡುವ ಸ್ಥಳಕ್ಕೆ ಪತ್ರಾಗಾರವೆಂದು ಹೆಸರು. ರೈತನು ಸುಗ್ಗಿಯ ಧಾನ್ಯವನ್ನೆಲ್ಲ ಅಡುಗೆಮನೆಯಲ್ಲಿ ಹರಡುವುದಿಲ್ಲ, ಬೀದಿಗೂ ಚೆಲ್ಲುವುದಿಲ್ಲ, ಕಣಜಕ್ಕೆ ತುಂಬುತ್ತಾನೆ. ಪತ್ರಾಗಾರವು ಬರಹಗಳ ಕಣಜ.

ಹಳೆಯ ದಾಖಲೆಗಳನ್ನು ಕಸವೆಂದು ಬಗೆದರೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಆ ದೇಶದ ಖಜಾನೆಯಲ್ಲಿ ಹಣದ ಲೆಕ್ಕವನ್ನು ಇಡಲು ಬಹುಕಾಲ ಮರದ ಕಡ್ಡಿಗಳನ್ನು ಬಳಸುತ್ತಿದ್ದರು. ಕೊಟ್ಟ ಹಣದ ಮೊತ್ತಕ್ಕೆ ತಕ್ಕಂತೆ ಕಡ್ಡಿಯ ಮೇಲೆ ಕಚ್ಚುಗಳನ್ನು ಮಾಡಿ, ಅದನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಹಣ ಕೊಟ್ಟವನೂ ಇನ್ನೊಂದನ್ನು ಪಡೆದವನೂ ಇಟ್ಟುಕೊಳ್ಳುವುದು ವಾಡಿಕೆ. ಎರಡು ಹೋಳುಗಳನ್ನು ಜೋಡಿಸಿದಾಗ ಕಚ್ಚುಗಳು ಸರಿಯಾಗಿ ಹೊಂದಿದರೆ ಲೆಕ್ಕ ಸತ್ಯವೆಂದು ಅರ್ಥ. 1826ರಲ್ಲಿ ಈ ಪದ್ಧತಿ ಕೊನೆಗೊಂಡಿತು. ಕಡ್ಡಿಗಳ ರಾಶಿ ಮಾತ್ರ ಉಳಿಯಿತು. 1834ರ ಅಕ್ಟೋಬರ್ 16ರಂದು ಆ ಕಡ್ಡಿಗಳನ್ನು ಲಂಡನ್ನಿನ ಪಾರ್ಲಿಮೆಂಟ್ ಭವನದ ಒಲೆಗಳಲ್ಲಿ ಹಾಕಿ ಸುಡಲಾಯಿತು. ಒಣಗಿದ ಕಟ್ಟಿಗೆಯ ಉರಿ ಅತಿಯಾಗಿ, ಬೆಂಕಿಯು ಹೊಗೆಗೂಡಿನ ಮೂಲಕ ಕಟ್ಟಡಕ್ಕೆ ಹತ್ತಿತು. ಆ ರಾತ್ರಿಯೊಳಗೆ ಪಾರ್ಲಿಮೆಂಟ್ ಭವನದ ಬಹುಭಾಗ ಬೂದಿಯಾಯಿತು. ಭವನದಲ್ಲಿಯೇ ಇದ್ದ ಕೆಳಮನೆಯ ಹಳೆಯ ಕಾಗದಪತ್ರಗಳಲ್ಲಿ ಹೆಚ್ಚಿನವು ನಾಶವಾದುವು. ಮೇಲ್ಮನೆಯ ದಾಖಲೆಗಳು ಮಾತ್ರ ಉಳಿದುಕೊಂಡುವು. ಅವನ್ನು ಬಹಳ ಹಿಂದೆಯೇ ಸಮೀಪದ ಒಂದು ಕಲ್ಲಿನ ಗೋಪುರಕ್ಕೆ ಸಾಗಿಸಿ ಇಡಲಾಗಿದ್ದುದೇ ಇದಕ್ಕೆ ಕಾರಣ. ಬೇಡವಾದ ದಾಖಲೆಯನ್ನು ಸುಡಲು ಹೋದುದರಿಂದ ಬೇಕಾದ ದಾಖಲೆಗಳೂ ಸುಟ್ಟುವು. ಬೇರೆಡೆ ಎತ್ತಿಟ್ಟವು ಬದುಕಿದುವು. ನಾಲ್ಕು ವರ್ಷಗಳ ಬಳಿಕ, 1838ರಲ್ಲಿ, ಸಾರ್ವಜನಿಕ ದಾಖಲೆಗಳ ರಕ್ಷಣೆಗೆಂದು ಆ ದೇಶದಲ್ಲಿ ಒಂದು ಶಾಸನವೇ ಜಾರಿಗೆ ಬಂದಿತು.

ದಾಖಲೆಗಳು ಆಕಸ್ಮಿಕದಿಂದ ನಾಶವಾಗುವುದು ಒಂದು ಬಗೆ. ಇನ್ನು ಬೇಡವೆಂದು ತೀರ್ಮಾನಿಸಿ ನಾಶಮಾಡುವುದು ಮತ್ತೊಂದು ಬಗೆ. ಎರಡೂ ಐರ್ಲೆಂಡಿನಲ್ಲಿ ನಡೆದುವು. ಅಲ್ಲಿ 1861 ಮತ್ತು 1871ರ ಜನಗಣತಿಯಲ್ಲಿ ಮನೆಮನೆಗೂ ಹೋಗಿ ಬರೆದುಕೊಂಡ ಮೂಲ ಪಟ್ಟಿಗಳನ್ನು ಸರ್ಕಾರವೇ ನಾಶಮಾಡಿಸಿತು. ಒಟ್ಟು ಜನಸಂಖ್ಯೆ ಎಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು ಎಂಬ ಅಂಕಿ ಅಂಶಗಳು ಅಚ್ಚಾಗಿದ್ದುವು. ಇನ್ನು ಮೂಲ ಪಟ್ಟಿಗಳ ಅಗತ್ಯವೇನು ಎಂಬುದು ಆಗಿನ ಎಣಿಕೆ. 1881 ಮತ್ತು 1891ರ ಪಟ್ಟಿಗಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವದಿಂದಾಗಿ ಕರಗಿ ತಿರುಳಾದುವು. ಅದಕ್ಕೂ ಹಿಂದಿನ, 1821ರಿಂದ 1851ರವರೆಗಿನ ಗಣತಿಯ ಪಟ್ಟಿಗಳಲ್ಲಿ ಬಹುಪಾಲು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ದಾಖಲೆ ಭವನಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದುವು. ಇಂದು ಐರ್ಲೆಂಡಿನ ಒಬ್ಬನು ತನ್ನ ಮುತ್ತಜ್ಜನ ತಂದೆ ಯಾವ ಊರಿನವನು, ಏನು ಕೆಲಸ ಮಾಡುತ್ತಿದ್ದನು ಎಂದು ಹುಡುಕಹೊರಟರೆ ಅಚ್ಚಾದ ಅಂಕಿ ಅಂಶಗಳು ಅವನಿಗೆ ನೆರವಾಗುವುದಿಲ್ಲ. ಅವುಗಳಲ್ಲಿ ಲಕ್ಷಗಟ್ಟಲೆ ಜನರ ಲೆಕ್ಕವಿದೆ, ಒಬ್ಬನ ಹೆಸರೂ ಇಲ್ಲ. ಸಾರಾಂಶವು ಅದನ್ನು ಬರೆದವರ ಪ್ರಶ್ನೆಗೆ ಉತ್ತರ ಕೊಡುತ್ತದೆ; ಮುಂದಿನವರು ಕೇಳುವ ಪ್ರಶ್ನೆಗೆ ಉತ್ತರವಿರುವುದು ಮೂಲದಲ್ಲಿ.

ಮುಂದಿನವರು ಏನನ್ನು ಕೇಳುವರೆಂದು ಇಂದು ಯಾರೂ ಬಲ್ಲವರಿಲ್ಲ. ಈ ಮಾತಿಗೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲವಾದ ಉದಾಹರಣೆಯಿದೆ. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಪ್ರಾಚ್ಯ ಗ್ರಂಥಭಂಡಾರ ಸ್ಥಾಪಿತವಾಯಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಒಂದು ಓಲೆಯ ಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಓಲೆಗಳನ್ನು ಭಂಡಾರದ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಕಂಡುಕೊಂಡರು. ಬೇರೆ ಗ್ರಂಥಗಳಲ್ಲಿ ಹೆಸರು ಮಾತ್ರ ಕೇಳಿಬರುತ್ತಿದ್ದು, ಕಳೆದುಹೋಯಿತೆಂದೇ ವಿದ್ವಾಂಸರು ಭಾವಿಸಿದ್ದ ಕೃತಿ ಅದು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗೆಗೆ ಲೋಕದ ತಿಳಿವಳಿಕೆಯೇ ಅಂದಿನಿಂದ ಬದಲಾಯಿತು. ಅದೇ ಗ್ರಂಥದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಕಚೇರಿಯ ವಿಚಾರವೂ ಬಂದಿದೆ. ಅದನ್ನು ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ ಕಟ್ಟಿಸಬೇಕು, ಲೆಕ್ಕದ ಪುಸ್ತಕಗಳನ್ನಿಡಲು ಅಲ್ಲಿ ಪ್ರತ್ಯೇಕ ಸ್ಥಳವಿರಬೇಕು ಎಂದು ಕೌಟಿಲ್ಯನು ವಿಧಿಸಿದ್ದಾನೆ. ದಾಖಲೆಗಳ ರಕ್ಷಣೆಯನ್ನು ಕುರಿತು ಹೇಳಿದ ಗ್ರಂಥವು ಓಲೆಯ ಕಟ್ಟನ್ನು ಎಸೆಯದೆ ಉಳಿಸಿಕೊಂಡವರಿಂದಲೇ ನಮ್ಮ ಕೈಗೆ ಸೇರಿತು.

ದೊಡ್ಡ ಗ್ರಂಥಗಳಿಗೆ ಮಾತ್ರ ಈ ಬೆಲೆ ಎಂದು ತಿಳಿಯಬಾರದು; ವ್ಯವಹಾರದ ಪತ್ರಗಳಿಗೂ ಉಂಟು. 1791ರಲ್ಲಿ ಮರಾಠರ ಸೈನ್ಯದ ದಂಡೊಂದು ಶೃಂಗೇರಿಯ ಮಠವನ್ನು ಕೊಳ್ಳೆಹೊಡೆಯಿತು. ಆಗ ಟಿಪ್ಪು ಸುಲ್ತಾನನಿಗೂ ಮಠದ ಗುರುಗಳಿಗೂ ಪತ್ರವ್ಯವಹಾರ ನಡೆಯಿತು. ಆ ಕನ್ನಡ ಪತ್ರಗಳು ಮಠದಲ್ಲಿ ನೂರಕ್ಕೂ ಹೆಚ್ಚು ವರ್ಷ ಭದ್ರವಾಗಿದ್ದು, 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದುವು. ಇಂದು ಆ ಕಾಲದ ಇತಿಹಾಸವನ್ನು ಬರೆಯುವವರು ಯಾರೇ ಆಗಲಿ ಅವನ್ನು ಬದಿಗೆ ಸರಿಸುವಂತಿಲ್ಲ.

ನಮ್ಮ ಹಿರಿಯರು ಬರಹಗಳ ರಕ್ಷಣೆಯ ಕ್ರಮಗಳನ್ನು ಚೆನ್ನಾಗಿ ಅರಿತಿದ್ದರು. ಓಲೆಗಳಿಗೆ ಆಗಾಗ ಎಣ್ಣೆ ಸವರಿ, ಎರಡು ಮರದ ಹಲಗೆಗಳ ನಡುವೆ ಇರಿಸಿ, ದಾರದಿಂದ ಬಿಗಿದು, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಲೆಕ್ಕಪತ್ರಗಳಿಗೆ ಕಡತವೆಂಬ ಸಾಧನವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರೆಸಿ ಮತ್ತೆ ಬರೆಯುವ ಅನುಕೂಲವೂ ಅದರಲ್ಲಿತ್ತು. ಒರೆಸದೆ ಎತ್ತಿಟ್ಟ ಕಡತಗಳು ಮಾತ್ರ ನಮಗೆ ದೊರೆತಿವೆ. ಆ ವಸ್ತು ಮರೆಯಾದರೂ ಹೆಸರು ಮರೆಯಾಗಿಲ್ಲ. ಸರ್ಕಾರಿ ಕಚೇರಿಗಳ ಕಾಗದದ ಕಟ್ಟನ್ನು ನಾವು ಇಂದಿಗೂ ಕಡತವೆಂದೇ ಕರೆಯುತ್ತೇವೆ.

ಕಾಗದಗಳನ್ನು ಒಂದು ಕೋಣೆಯಲ್ಲಿ ತುಂಬಿ ಬೀಗ ಹಾಕಿದ ಮಾತ್ರಕ್ಕೆ ಅದು ಪತ್ರಾಗಾರವೆನಿಸುವುದಿಲ್ಲ. ಅದಕ್ಕೆ ಮೂರು ನಿಯಮಗಳು ಮುಖ್ಯ. ಮೊದಲನೆಯದು, ಮೂಲದ ಕ್ರಮವನ್ನು ಕೆಡಿಸದಿರುವುದು. ಒಂದು ಕಚೇರಿಯಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡಬೇಕು, ಬೇರೆ ಕಚೇರಿಯ ಕಾಗದಗಳೊಡನೆ ಬೆರೆಸಬಾರದು ಎಂಬ ತತ್ತ್ವವನ್ನು ಫ್ರಾನ್ಸ್ ದೇಶವು 1841ರಲ್ಲಿ ಅಂಗೀಕರಿಸಿತು. ಒಂದು ಅರ್ಜಿ, ಅದರ ಮೇಲಿನ ಟಿಪ್ಪಣಿ, ಅದಕ್ಕೆ ಬಂದ ಉತ್ತರ - ಇವು ಒಂದೆಡೆ ಇದ್ದರೆ ಒಂದು ಕಥೆಯನ್ನು ಹೇಳುತ್ತವೆ. ಚದುರಿದರೆ ಮೂರೂ ಮೂಕವಾಗುತ್ತವೆ. ಎರಡನೆಯದು, ಪಟ್ಟಿಯನ್ನು ಸಿದ್ಧಪಡಿಸುವುದು. ಯಾವ ಕಾಗದ, ಯಾರು ಬರೆದುದು, ಯಾವ ದಿನ, ಎಲ್ಲಿದೆ ಎಂಬುದನ್ನು ಬರೆದಿಡದಿದ್ದರೆ ಕಾಗದ ಇದ್ದೂ ಇಲ್ಲದಂತೆಯೇ. ಮೂರನೆಯದು, ತಿದ್ದದಿರುವುದು. ಹಳೆಯ ಬರಹದಲ್ಲಿ ತಪ್ಪಿರಬಹುದು. ಬರೆದವನ ಅಭಿಪ್ರಾಯ ಮುಂದೆ ಬದಲಾಗಿರಲೂಬಹುದು. ಆದರೂ ಮೂಲವನ್ನು ಅಳಿಸಬಾರದು. ಪಕ್ಕದಲ್ಲಿ ಬೇರೆ ಟಿಪ್ಪಣಿಯನ್ನು ಸೇರಿಸಬೇಕು. ಲೆಕ್ಕ ಬರೆಯುವವರು ತಪ್ಪಿದ ಅಂಕಿಯನ್ನು ಒರೆಸಿಹಾಕದೆ, ಅದು ಕಾಣುವಂತೆ ಒಂದೇ ಗೆರೆ ಎಳೆದು, ಸರಿಯಾದ ಅಂಕಿಯನ್ನು ಬರೆದು ಸಹಿ ಹಾಕುತ್ತಾರೆ. ಏನಿತ್ತು, ಏನಾಯಿತು ಎಂಬ ಎರಡೂ ಸಂಗತಿಗಳು ಇದರಿಂದ ತಿಳಿಯುತ್ತವೆ.

ಹಾಗಾದರೆ ಬರೆದ ಚೀಟಿಯನ್ನೆಲ್ಲ ಇಡಬೇಕೆ ಎಂಬ ಸಂದೇಹ ಸಹಜ. ಅದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಯಾವುದನ್ನು ಬಿಡಬೇಕೆಂಬ ತೀರ್ಮಾನವು ಒಬ್ಬನ ಬೇಸರದಿಂದಲೋ ಸ್ಥಳದ ಇಕ್ಕಟ್ಟಿನಿಂದಲೋ ಆಗಬಾರದು. ನಿಯಮದ ಪ್ರಕಾರ, ಸಾಕಷ್ಟು ಕಾಲ ಕಾದು, ಬಲ್ಲವರನ್ನು ಕೇಳಿ ಆಗಬೇಕು. ಕೋಲ್ಕತ್ತದಲ್ಲಿ 1891ರಲ್ಲಿ ಆರಂಭವಾದ ದಾಖಲೆಗಳ ಇಲಾಖೆಯೇ ಇಂದು ನವದೆಹಲಿಯಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಭಾರತದ ಸಂಸತ್ತು 1993ರಲ್ಲಿ ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು ಅಂಗೀಕರಿಸಿತು. ಅದರಂತೆ ಕೇಂದ್ರ ಸರ್ಕಾರದ ಕಚೇರಿಗಳು 25 ವರ್ಷಕ್ಕಿಂತ ಹಳೆಯ ದಾಖಲೆಗಳನ್ನು ಈ ಪತ್ರಾಗಾರದೊಡನೆ ಸಮಾಲೋಚಿಸಿ ಪರಿಶೀಲಿಸಬೇಕು. ಶಾಶ್ವತ ಬೆಲೆಯುಳ್ಳವನ್ನು ಉಳಿಸಬೇಕು. 1892ಕ್ಕೆ ಮುಂಚಿನ ಯಾವ ದಾಖಲೆಯನ್ನೂ, ಅದು ಉಪಯೋಗಿಸಲಾಗದಷ್ಟು ಜೀರ್ಣವಾಗಿದೆಯೆಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶಮಾಡುವಂತಿಲ್ಲ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಹಿಂದಿನ ಮೈಸೂರು ಸರ್ಕಾರದ ಕಡತಗಳನ್ನು ರಕ್ಷಿಸಲಾಗಿದೆ.

ಇಂದು ಬರಹಗಳು ಕಾಗದವನ್ನು ಬಿಟ್ಟು ಕಂಪ್ಯೂಟರಿಗೆ ಸಾಗಿವೆ. ಅಲ್ಲಿ ಸ್ಥಳದ ಇಕ್ಕಟ್ಟು ಕಡಿಮೆ, ಗೆದ್ದಲಿನ ಭಯವಿಲ್ಲ. ಆದರೆ ಒಂದು ಗುಂಡಿಯನ್ನು ಒತ್ತಿದರೆ ಹತ್ತು ವರ್ಷಗಳ ಬರವಣಿಗೆ ಕ್ಷಣಾರ್ಧದಲ್ಲಿ ಮಾಯವಾಗಬಲ್ಲದು. ಬಳಸಿದ ಸಾಧನವನ್ನೇ ಮತ್ತೆ ಬಳಸುವ ಆಸೆಯೂ ಅಪಾಯಕಾರಿ. 1969ರಲ್ಲಿ ಮನುಷ್ಯನು ಮೊದಲ ಬಾರಿಗೆ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ದೃಶ್ಯಗಳ ಮೂಲ ಸಂಕೇತವನ್ನು ಕಾಂತೀಯ ಟೇಪುಗಳಲ್ಲಿ ದಾಖಲಿಸಲಾಗಿತ್ತು. ಆ ಟೇಪುಗಳನ್ನು ಬಹುಕಾಲ ಹುಡುಕಿದ ಅಮೆರಿಕದ ನಾಸಾ ಸಂಸ್ಥೆಯು, ಟೇಪುಗಳ ಅಭಾವವಿದ್ದಾಗ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕೆಂಬ ನಿರ್ಣಯಕ್ಕೆ 2009ರಲ್ಲಿ ಬಂದಿತು. ದೂರದರ್ಶನ ಸಂಸ್ಥೆಗಳಲ್ಲಿದ್ದ ಪ್ರತಿಗಳಿಂದ ಆ ದೃಶ್ಯಗಳು ಉಳಿದವಾದರೂ ಅತ್ಯಂತ ಸ್ಪಷ್ಟವಾದ ಮೂಲವು ದೊರೆಯದೆ ಹೋಯಿತು.

ಅಳಿಸದಿದ್ದರೂ ಸಾಲದು, ಓದಲು ಬರಬೇಕು. ಇಂಗ್ಲೆಂಡಿನಲ್ಲಿ 1086ರಲ್ಲಿ ಭೂಮಿಕಾಣಿಗಳ ವಿವರಗಳನ್ನೆಲ್ಲ ಚರ್ಮದ ಹಾಳೆಗಳ ಮೇಲೆ ಬರೆದು ಒಂದು ಮಹಾಗ್ರಂಥವನ್ನು ಮಾಡಿದರು. ಅದನ್ನು ಇಂದಿಗೂ ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಆ ದೇಶದ ಜನಜೀವನದ ವಿವರಗಳನ್ನು ಸಂಗ್ರಹಿಸಿ ಲೇಸರ್ ತಟ್ಟೆಗಳಲ್ಲಿ ಅಡಕ ಮಾಡಿಸಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಆ ತಟ್ಟೆಗಳನ್ನು ಓದುವ ಯಂತ್ರಗಳು ಅಪರೂಪವಾಗಿ, ಅದರೊಳಗಿನ ವಿಷಯವನ್ನು ಹೊರತೆಗೆಯಲು ತಜ್ಞರು ಬಹಳ ಶ್ರಮಪಡಬೇಕಾಯಿತು. ಆದ್ದರಿಂದ ಹೊಸ ಸಾಧನಗಳಲ್ಲಿರುವ ಬರಹವನ್ನು ಕಾಲಕಾಲಕ್ಕೆ ಪ್ರತಿಮಾಡಿ, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಇಡಬೇಕು.

ಈ ಕಾರ್ಯವು ಸರ್ಕಾರಗಳಿಗೆ ಮಾತ್ರ ಸೇರಿದುದಲ್ಲ. ಪ್ರತಿಯೊಂದು ಮನೆಯಲ್ಲಿಯೂ ಅಜ್ಜನ ಕಾಲದ ಪತ್ರಗಳು, ಜಮೀನಿನ ಕಾಗದಗಳು, ಖರ್ಚಿನ ಲೆಕ್ಕದ ಪುಸ್ತಕ, ಶಾಲೆಯ ಕೈಬರಹದ ಪತ್ರಿಕೆ ಇರಬಹುದು. ಅವನ್ನು ಹಳೆಯ ಕಾಗದದ ವ್ಯಾಪಾರಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಬೇಕು. ಬರೆದವರ ಹೆಸರನ್ನೂ ಕಾಲವನ್ನೂ ಹಿರಿಯರನ್ನು ಕೇಳಿ ಗುರುತುಹಾಕಬೇಕು. ತೇವವೂ ಹುಳುವೂ ತಾಗದಂತೆ ಕಟ್ಟಿ ಇಡಬೇಕು. ಅವುಗಳಲ್ಲಿ ಯಾವುದಕ್ಕೆ ಬೆಲೆ ಬರುವುದೆಂದು ನಿರ್ಣಯಿಸುವ ಅಧಿಕಾರ ನಮ್ಮದಲ್ಲ. ಅದು ನಮ್ಮ ಬಳಿಕ ಬರುವವರದು. ಆ ನಿರ್ಣಯಕ್ಕೆ ಅವರಿಗೆ ಅವಕಾಶ ಉಳಿಯುವಂತೆ ನೋಡಿಕೊಳ್ಳುವುದೇ ನಮ್ಮ ಪಾಲಿನ ಕರ್ತವ್ಯ.