ವಾಟರ್‌ಪ್ರೂಫ್ ಬ್ಯಾಗ್ ನಂಬಿ ಅಜ್ಜನ ಕ್ರಯಪತ್ರ ನೆನೆಸಿದೆ

ಕಳೆದ ಅಕ್ಟೋಬರ್ ತಿಂಗಳ ಮಾತು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು, ಜಮೀನಿನ ಪೌತಿ ಖಾತೆ ಮಾಡಿಸಬೇಕಿತ್ತು. ಅಮ್ಮ ಟ್ರಂಕಿನಿಂದ ಅಜ್ಜನ ಕಾಲದ ಕ್ರಯಪತ್ರ ತೆಗೆದುಕೊಟ್ಟರು. ಗಣಿಯಲ್ಲಿ ದುಡಿದ ದುಡ್ಡಲ್ಲಿ ಅಜ್ಜ ತಗೊಂಡಿದ್ದ ಒಂದೂವರೆ ಎಕರೆಯ ಪತ್ರ ಅದು. ಶಾಯಿ ಪೆನ್ನಲ್ಲಿ ಬರೆದದ್ದು, ಕೊನೆಯಲ್ಲಿ ಅಜ್ಜನ ಸಹಿ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿತ್ತು.

‘ಇದೆಲ್ಲ ಯಾಕಮ್ಮಾ, ನನ್ನ ಬ್ಯಾಗು ವಾಟರ್‌ಪ್ರೂಫು’ ಅಂತ ಹೇಳಿ ಆ ಪ್ಲಾಸ್ಟಿಕ್ಕು ಬಿಚ್ಚಿ ಅಲ್ಲೇ ಇಟ್ಟು, ಪತ್ರವನ್ನು ಫೈಲಿಗೆ ಹಾಕಿ ಸೈಕಲ್ ಹತ್ತಿದೆ.

ಕ್ಯಾಸಂಬಳ್ಳಿಯಿಂದ ರಾಬರ್ಟ್‌ಸನ್‌ಪೇಟೆ ಕಡೆಗೆ ಅರ್ಧ ದಾರಿ ಹೋಗಿರಲಿಲ್ಲ, ಮಳೆ ಹಿಡಿಯಿತು. ನಿಲ್ಲೋಕೆ ಮರ ಬಿಟ್ಟರೆ ಏನೂ ಇಲ್ಲ. ತಾಲೂಕು ಕಚೇರಿಯ ಜಗಲಿಯಲ್ಲಿ ಬ್ಯಾಗ್ ತೆಗೆದು ನೋಡಿದರೆ ತಳದಲ್ಲಿ ಒಂದು ಲೋಟದಷ್ಟು ನೀರು. ಲ್ಯಾಪ್‌ಟಾಪ್ ಅದರ ಒಳಚೀಲದಲ್ಲಿ ಬಚಾವಾಗಿತ್ತು. ಕ್ರಯಪತ್ರದ ಕೊನೆಯ ಪುಟದಲ್ಲಿ ಅಜ್ಜನ ಸಹಿ ನೀಲಿ ಮೋಡದ ಹಾಗೆ ಹರಡಿಕೊಂಡಿತ್ತು.

ಮುಂದೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ತಗೊಂಡೆ, ಖಾತೆ ಕೆಲಸವೂ ಆಯಿತು. ಸಹಿ ಮಾತ್ರ ವಾಪಸ್ ಬರಲಿಲ್ಲ. ಅಮ್ಮ ಒಂದು ಮಾತೂ ಬೈಯಲಿಲ್ಲ. ಆ ಹಾಳೆಯನ್ನು ನ್ಯೂಸ್‌ಪೇಪರ್ ನಡುವೆ ಇಟ್ಟು ಒಣಗಿಸಿ, ಮತ್ತೆ ಟ್ರಂಕಿಗೆ ಇಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನು ಬ್ಯಾಗುಗಳ ಬಗ್ಗೆ ಸ್ವಲ್ಪ ಹುಚ್ಚನ ಹಾಗೆ ಓದಿದೆ, ಮನೆಯಲ್ಲಿ ಪರೀಕ್ಷೆ ಮಾಡಿದೆ. ವಾರಕ್ಕೆರಡು ದಿನ ಸೈಕಲ್‌ನಲ್ಲಿ ಮಾರಿಕುಪ್ಪಂ ಸ್ಟೇಷನ್‌ಗೆ ಹೋಗಿ ಬೆಂಗಳೂರಿನ ರೈಲು ಹಿಡಿಯುವವನು ನಾನು. ಬರುವಾಗ ಮನೆ ಸಾಮಾನೂ ಅದೇ ಬ್ಯಾಗಲ್ಲೇ ಬರಬೇಕು. ಸೈಕಲ್ ತುಳಿಯುವ ನಿಮಗೂ ಈ ವಿವರ ಉಪಯೋಗಕ್ಕೆ ಬಂದೀತು.

ನೀರು ಎಲ್ಲಿಂದ ಬರುತ್ತೆ?

ನಾವು ಬ್ಯಾಗನ್ನು ಅಂಗಡಿಯಲ್ಲಿ ನೆಟ್ಟಗೆ ನಿಲ್ಲಿಸಿ ನೋಡ್ತೀವಿ. ಸೈಕಲ್ ಮೇಲೆ ಬೆನ್ನು ಮುಂದಕ್ಕೆ ಬಾಗಿರುತ್ತೆ, ಬ್ಯಾಗೂ ಮಲಗಿದ ಹಾಗಾಗುತ್ತೆ. ಆಗ ಜಿಪ್ಪು ಆಕಾಶ ನೋಡುತ್ತಾ ಸಣ್ಣ ಕಾಲುವೆ ಆಗಿಬಿಡುತ್ತೆ. ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದಿನ ಚಕ್ರ ಕೆಸರು ನೀರನ್ನು ಕೆಳಗಿಂದ ಎರಚುತ್ತೆ. ಸೈನೈಡ್ ಗುಡ್ಡದ ಪಕ್ಕದ ರಸ್ತೆಯಲ್ಲಿ ಮಳೆಗೆ ಹೋದವರಿಗೆ ಆ ಬೂದು ಕೆಸರು ಗೊತ್ತಿರುತ್ತೆ. ಜತೆಗೆ ಹೊಲಿಗೆ. ಸೂಜಿ ಚುಚ್ಚಿದ ಕಡೆಯೆಲ್ಲ ಒಂದು ತೂತು. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಆ ಸಾಲು ತೂತುಗಳಿಗೆ ಒಳಗಿಂದ ಟೇಪ್ ಅಂಟಿಸಿಲ್ಲ ಅಂದ್ರೆ ನೀರು ಅಲ್ಲಿಂದ ಬಂದೇ ಬರುತ್ತೆ. ನನ್ನ ಬ್ಯಾಗು ಸೋರಿದ್ದು ತಳದ ಹೊಲಿಗೆಯಲ್ಲಿ.

ಲೇಬಲ್ ಓದೋದು ಹೇಗೆ?

‘ವಾಟರ್ ರೆಸಿಸ್ಟೆಂಟ್’ ಅಂದ್ರೆ ತುಂತುರು ತಡೆಯುತ್ತೆ, ಅಷ್ಟೇ. ಬಟ್ಟೆಯ ಪಕ್ಕ 3,000 ಮಿ.ಮೀ. ಅಂತ ಬರೆದಿದ್ದರೆ, ಮೂರು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ತಡೆದಿದೆ ಅಂತ ಅರ್ಥ. ಅದು ಬಟ್ಟೆಯ ಮಾರ್ಕ್ಸು ಮಾತ್ರ, ಹೊಲಿಗೆ ಮತ್ತು ಜಿಪ್ಪಿನದು ಬೇರೆ. ‘ಡೆನಿಯರ್’ ಅಂದ್ರೆ 9,000 ಮೀಟರ್ ನೂಲಿನ ತೂಕ, ಗ್ರಾಂ ಲೆಕ್ಕದಲ್ಲಿ. ಸಂಖ್ಯೆ ದೊಡ್ಡದಾದಷ್ಟು ನೂಲು ದಪ್ಪ. ನೀರು ತಡೆಯೋದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಐಪಿಎಕ್ಸ್ 4 ಅಂದ್ರೆ ಎರಚಲು ತಡೆಯುತ್ತೆ, 6 ಅಂದ್ರೆ ಜೋರು ನೀರಿನ ಧಾರೆ, 7 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ಹೋಗಲ್ಲ. ನಮಗೆ 6 ಧಾರಾಳ ಸಾಕು.

ಇಷ್ಟೆಲ್ಲ ಬೇಡ ಅನ್ನೋರು ಎರಡೇ ವಿಷಯ ನೋಡಿ. ಅಂಚುಗಳನ್ನು ಹೊಲಿಯದೆ ಬಿಸಿಯಿಂದ ಬೆಸೆದಿರಬೇಕು. ಬಾಯಿ ಜಿಪ್ಪಿನ ಬದಲು ಮಡಚಿ ಸುತ್ತುವ ಥರ ಇರಬೇಕು. ಸುತ್ತೋದು ಕನಿಷ್ಠ ಮೂರು ಸುತ್ತು, ಅದೂ ಒಳಗಿನ ಗಾಳಿ ಒತ್ತಿ ತೆಗೆದ ಮೇಲೆ.

ಈ ಥರದ ಸೈಕಲ್ ಚೀಲಗಳ ಹಿಂದೆ ಒಂದು ಕಥೆ ಇದೆ. 1980ರ ದಶಕದ ಆರಂಭದಲ್ಲಿ ಹಾರ್ಟ್‌ಮುಟ್ ಆರ್ಟ್‌ಲೀಬ್ ಅನ್ನೋ ಜರ್ಮನಿಯ ಯುವಕ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಮಾಡುವಾಗ ಮಳೆಗೆ ಸಾಮಾನೆಲ್ಲ ನೆನೆದುಹೋಯಿತಂತೆ. ಪಕ್ಕದಲ್ಲಿ ಹೋಗ್ತಿದ್ದ ಲಾರಿಗಳ ಟಾರ್ಪಾಲ್ ನೋಡಿ, ಊರಿಗೆ ಹೋಗಿ ಅದೇ ಬಟ್ಟೆಯಲ್ಲಿ ಚೀಲ ಮಾಡಿದ. ಈಗ ಅದು ದೊಡ್ಡ ಕಂಪನಿ. ಬಂಗಾರಪೇಟೆಯಲ್ಲಿ ತರಕಾರಿ ಲಾರಿಗೆ ಟಾರ್ಪಾಲ್ ಬಿಗಿಯೋದನ್ನು ನಾನೂ ಚಿಕ್ಕಂದಿನಿಂದ ನೋಡಿದ್ದೆ, ನನಗೆ ಮಾತ್ರ ಏನೂ ಹೊಳೆದಿರಲಿಲ್ಲ!

ಎಷ್ಟು ದೊಡ್ಡದು ಬೇಕು?

ಲ್ಯಾಪ್‌ಟಾಪ್, ಊಟದ ಡಬ್ಬಿ, ನೀರಿನ ಬಾಟಲ್‌ಗೆ 20 ಲೀಟರ್ ಸಾಕು. ಒಂದು ಜತೆ ಬಟ್ಟೆ, ಸಂಜೆಯ ತರಕಾರಿ ಸೇರಿದರೆ 30ರಿಂದ 35. ಐದು ಕೆ.ಜಿ. ಅಕ್ಕಿಗೆ ಸುಮಾರು ಆರು ಲೀಟರ್ ಜಾಗ ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. 40ರ ಆಸೆ ನನಗೂ ಇತ್ತು. ಆದರೆ ಜಾಗ ಇದೆ ಅಂತ ತುಂಬುತ್ತೀವಿ, ಅದನ್ನು ಹೊರೋದು ಬೆನ್ನು. ಮಕ್ಕಳ ಬ್ಯಾಗು ದೇಹದ ತೂಕದ ಶೇ. 10 ಮೀರಬಾರದು ಅಂತ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತೆ. ನಾನೂ ಅದನ್ನೇ ಹಿಡಿದುಕೊಂಡಿದ್ದೀನಿ. ನನ್ನ ತೂಕ 68, ಹಾಗಾಗಿ ಬೆನ್ನಿಗೆ ಏಳು ಕೆ.ಜಿ. ಒಳಗೆ. ಅದಕ್ಕಿಂತ ಹೆಚ್ಚಾದರೆ ಅಕ್ಕಿ, ಎಣ್ಣೆ ಕ್ಯಾರಿಯರ್ ಮೇಲೆ, ಹಳೇ ಟ್ಯೂಬಲ್ಲಿ ಬಿಗಿದು. ಎದೆ ಪಟ್ಟಿ, ಸೊಂಟದ ಪಟ್ಟಿ ಎರಡೂ ಇರೋ ಬ್ಯಾಗೇ ತಗೊಳ್ಳಿ. ಇಲ್ಲದಿದ್ದರೆ ತಿರುವಿನಲ್ಲಿ ಬ್ಯಾಗು ಒಂದು ಕಡೆಗೆ ಜಾರುತ್ತೆ, ಸೈಕಲ್ಲೂ ವಾಲುತ್ತೆ.

ಒಂದು ಎಚ್ಚರಿಕೆ. ನೀರು ಒಳಗೆ ಬಿಡದ ಬ್ಯಾಗು ನೀರನ್ನು ಹೊರಗೂ ಬಿಡಲ್ಲ. ಮೊಸರಿನ ಪ್ಯಾಕೆಟ್ ಒಡೆದರೆ ಲ್ಯಾಪ್‌ಟಾಪಿಗೆ ಅಭ್ಯಂಜನ ಗ್ಯಾರಂಟಿ. ಹಾಲು, ಮೊಸರು ಡಬ್ಬಿಯಲ್ಲಿ ಹಾಕಿ. ಮನೆಗೆ ಬಂದ ಮೇಲೆ ಬಾಯಿ ತೆಗೆದು ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ.

ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷೆ

ಒಳಗೆ ಹಳೇ ನ್ಯೂಸ್‌ಪೇಪರ್ ತುಂಬಿ, ಬಾಯಿ ಮುಚ್ಚಿ, ಬಚ್ಚಲಲ್ಲಿ ಬ್ಯಾಗನ್ನು ಓರೆಯಾಗಿ ಮಲಗಿಸಿ. ಐದು ನಿಮಿಷ ಚೊಂಬಿನಿಂದ ನೀರು ಸುರೀತಾ ಇರಿ, ತಳಕ್ಕೂ ಬಿಡಬೇಡಿ. ಹೊರಗೆ ಒರೆಸಿ, ಪೇಪರ್ ತೆಗೆದು ನೋಡಿ. ಒದ್ದೆಯಾದ ಪೇಪರ್ ಬಣ್ಣವೇ ಹೇಳುತ್ತೆ, ಎಲ್ಲಿ ಸೋರಿದೆ ಅಂತ. ಸುತ್ತುವ ಬಾಯಿಯ ಬ್ಯಾಗಾದರೆ ಪಂಕ್ಚರ್ ಅಂಗಡಿಯ ವಿದ್ಯೆ ಸಾಕು. ಗಾಳಿ ತುಂಬಿ ಬಾಯಿ ಸುತ್ತಿ, ನೀರಿನ ಟಬ್ಬಿನಲ್ಲಿ ಅದುಮಿ. ಗುಳ್ಳೆ ಎದ್ದ ಕಡೆ ತೂತು.

ಹೊಸದು ತಗೊಳ್ಳೋಕೆ ಈಗ ದುಡ್ಡಿಲ್ವಾ? ಇರೋ ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ತಿರುಚಿ ಮಡಚಿ. ಮೇಲೆ ಹಾಕೋ ರೇನ್ ಕವರ್‌ಗಿಂತ ಇದು ಭದ್ರ, ಯಾಕೆಂದರೆ ಕವರ್ ಬೆನ್ನಿನ ಕಡೆ ತೆರೆದೇ ಇರುತ್ತೆ. ಗೊಬ್ಬರದ ಚೀಲ ನೋಡಿ, ಹೊರಗೆ ಗಟ್ಟಿ ನೇಯ್ಗೆ, ಒಳಗೆ ತೆಳು ಪ್ಲಾಸ್ಟಿಕ್. ಹೊರುವ ಕೆಲಸ ಒಂದಕ್ಕೆ, ನೀರು ತಡೆಯುವ ಕೆಲಸ ಇನ್ನೊಂದಕ್ಕೆ.

ಅಜ್ಜ ಕ್ರಯಪತ್ರಕ್ಕೆ ಸುತ್ತಿದ್ದೂ ಅಂಥದ್ದೇ ಚೀಲದ ಒಳಪದರವಂತೆ, ಆಮೇಲೆ ಅಮ್ಮ ಹೇಳಿದರು. ಅಷ್ಟು ವರ್ಷ ಅದು ಹಾಳೆಯನ್ನು ಒಣಗಿಸಿಟ್ಟಿತ್ತು. ನಾನು ಒಂದು ಬೆಳಗ್ಗೆ ಬಿಚ್ಚಿದೆ.

ಈಗ ನನ್ನ ಬೆನ್ನ ಮೇಲೆ 32 ಲೀಟರಿನ ಹಳದಿ ಬ್ಯಾಗಿದೆ, ಬಚ್ಚಲಿನ ಪರೀಕ್ಷೆಯಲ್ಲಿ ಪಾಸಾದದ್ದು. ನಮ್ಮ ಕಡೆ ಮಳೆ ಜೋರಾಗೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನವೆಂಬರ್‌ನಲ್ಲೂ ಬಿಡಲ್ಲ. ಬ್ಯಾಗಿನ ಮೇಲೆ ನಂಬಿಕೆ ಇದೆ. ಆದರೂ ಮನೆ ಕಾಗದ ಏನೇ ಒಯ್ಯುವುದಿದ್ದರೂ, ಅಮ್ಮ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟೋವರೆಗೂ ಬಾಗಿಲಲ್ಲಿ ನಿಂತು ಕಾಯ್ತೀನಿ.