ಅಂಗಡಿಗೆ ಬೀಗ, ಮಗಳ ಕಾಲಿಗೆ ಚಕ್ರ

ಮೈಸೂರು: ಅಗ್ರಹಾರದ ಕಡೆ ಒಂದು ದಿನಸಿ ಅಂಗಡಿ. ಮೇ ತಿಂಗಳ ಒಂದು ಸೋಮವಾರ ಅದರ ಬಾಗಿಲಿಗೆ ರಟ್ಟಿನ ಬೋರ್ಡು ಬಿದ್ದಿತ್ತು: ‘ಒಂದು ವಾರ ರಜೆ’. ನೋಡಿದವರೆಲ್ಲ ಗಾಬರಿ. “ಯಾರಾದ್ರೂ ಹೋಗ್‌ಬಿಟ್ರಾ?” ಎಂದು ಪಕ್ಕದ ಹೂವಿನಾಕೆಯನ್ನು ವಿಚಾರಿಸಿದವರು ಒಬ್ಬಿಬ್ಬರಲ್ಲ. “ಯಾರೂ ಹೋಗಿಲ್ಲ ಸ್ವಾಮಿ. ಮಕ್ಕಳನ್ನ ಕರ್ಕೊಂಡು ಬೆಟ್ಟಕ್ಕೆ ಹೋಗವ್ರೆ” ಎಂದು ಹೇಳಿ ಹೇಳಿ ಆಕೆಗೂ ಸಾಕಾಗಿತ್ತು.

ಗಾಬರಿಯಾಗುವುದು ಸಹಜವೇ. ತಂದೆಯ ಕಾಲದಿಂದಲೂ ಮದುವೆ, ಸಾವು ಬಿಟ್ಟರೆ ಬಾಗಿಲು ಹಾಕಿದ ಅಂಗಡಿಯಲ್ಲ ಅದು. ಬೆಳಿಗ್ಗೆ 6ಕ್ಕೆ ತೆಗೆದರೆ ರಾತ್ರಿ 9-30. ವಾರಕ್ಕೊಂದು ರಜೆ, ಅದೂ ಮಂಗಳವಾರ. ಮೃಗಾಲಯಕ್ಕೂ ವಾರದ ರಜೆ ಮಂಗಳವಾರವೇ! ಹೀಗಾಗಿ ಊರಲ್ಲೇ ಹುಟ್ಟಿದ ಮಕ್ಕಳು ಅಪ್ಪನ ಜೊತೆ ಆನೆ, ಜಿರಾಫೆ ನೋಡಿದ್ದೇ ಇಲ್ಲ. ದೂರದೂರಿನಿಂದ ಬಸ್ಸು ಮಾಡಿಕೊಂಡು ಬಂದವರು ನೋಡಿ ಹೋಗುತ್ತಾರೆ, ಅಗ್ರಹಾರದವರು ನೋಡಿಲ್ಲ.

ಈ ಸಲ ಹೆಂಡತಿ ಪಟ್ಟು ಹಿಡಿದರು. “ರೀ, ಮಗಳಿಗೆ ಹನ್ನೊಂದು ತುಂಬಿತು. ಇನ್ನು ನಾಲ್ಕು ವರ್ಷ ಹೋದ್ರೆ ಕರೆದ್ರೂ ಬರಲ್ಲ.” ಆ ಮಾತು ಯಜಮಾನರಿಗೆ ನಾಟಿತು. ಅಂತೂ ಇಂತೂ ಅಂಗಡಿಗೆ ಬೀಗ ಬಿತ್ತು.

ಅಪ್ಪ, ಮಗನಿಗೆ ಮಾತ್ರ ಟಿಕೆಟ್ಟು

ಸೋಮವಾರ ಚಾಮುಂಡಿ ಬೆಟ್ಟ. ಅಜ್ಜಿ, ಅಮ್ಮ, ಏಳು ವರ್ಷದ ಮಗ 201ನೇ ನಂಬರಿನ ಬಸ್ಸಿನಲ್ಲಿ. ಅಪ್ಪ, ಮಗಳು ಮೆಟ್ಟಿಲು ಹತ್ತಿ. ಸಾವಿರಕ್ಕೂ ಮೀರಿದ ಮೆಟ್ಟಿಲು. ಮಗಳು ನಂದಿಯ ಹತ್ತಿರ ಹೋಗಿ ನೀರು ಕುಡಿದು ಕೂತರೂ ಅಪ್ಪ ಇನ್ನೂ ಕೆಳಗೇ ಏದುಸಿರು ಬಿಡುತ್ತಿದ್ದರು. ಗಲ್ಲಾ ಮುಂದೆ ಇಪ್ಪತ್ತು ವರ್ಷ ಕೂತ ಕಾಲುಗಳು, ಪಾಪ!

ಮಂಗಳವಾರ ಮನೆಯಲ್ಲೇ ಒಬ್ಬಟ್ಟು. ಬುಧವಾರ ಮೃಗಾಲಯ. 1892ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಲ್ಲಿ ಮಕ್ಕಳಿಗಿಂತ ಹೆಚ್ಚು ಕಣ್ಣರಳಿಸಿದವರು ಯಜಮಾನರೇ ಎಂದು ಅಜ್ಜಿ ಇಂದಿಗೂ ಆಡಿಕೊಳ್ಳುತ್ತಾರೆ. ಗುರುವಾರ ಕೆ.ಆರ್.ಎಸ್., ಸಂಜೆ ಬೃಂದಾವನದ ಕಾರಂಜಿ. 124.80 ಅಡಿ ಗರಿಷ್ಠ ನೀರಿನ ಮಟ್ಟದ ಅಣೆಕಟ್ಟೆಯಲ್ಲಿ ಬೇಸಿಗೆಯ ನೀರು ಕೆಳಗೆ ಇಳಿದಿತ್ತು. “ಮಳೆ ಕೈಕೊಟ್ರೆ ಅಕ್ಕಿ ರೇಟು ಏರತ್ತೆ” ಎಂದರು ಯಜಮಾನರು. “ಅಂಗಡಿ ಮರೀರಿ” ಎಂದರು ಹೆಂಡತಿ. ಶುಕ್ರವಾರ ಶ್ರೀರಂಗಪಟ್ಟಣ, ಮಧ್ಯಾಹ್ನ ರಂಗನತಿಟ್ಟು. 1940ರಲ್ಲಿ ಪಕ್ಷಿಧಾಮವಾದ ಜಾಗ. ದೋಣಿಯಲ್ಲಿ ಕೂತು ಬಣ್ಣದ ಕೊಕ್ಕರೆಗಳ ಗೂಡು, ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ.

ಖರ್ಚು? 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಪುಣ್ಯದಿಂದ ಬಸ್ಸಿನಲ್ಲಿ ಅಪ್ಪನಿಗೊಂದು ಟಿಕೆಟ್ಟು, ಮಗನಿಗೆ ಅರ್ಧ. ಮೂವರು ಹೆಂಗಸರು ಬಿಟ್ಟಿ. ಬುತ್ತಿ ಮನೆಯದೇ, ಚಿತ್ರಾನ್ನ, ಮೊಸರನ್ನ.

ಆದರೆ ವಾರಪೂರ್ತಿ ಮಗಳ ಮನಸ್ಸು ಕಾರಂಜಿಯಲ್ಲೂ ಇರಲಿಲ್ಲ, ಕೊಕ್ಕರೆಯಲ್ಲೂ ಇರಲಿಲ್ಲ. ಅದು ಇದ್ದದ್ದು ಭಾನುವಾರದ ಮೇಲೆ.

ಸಾಲು ಚಕ್ರದ ಹುಚ್ಚು

ಭಾನುವಾರ ಮಕ್ಕಳ ರೋಡ್ ರೇಸು. ಇನ್‌ಲೈನ್ ಸ್ಕೇಟಿಂಗು. ಎರಡು ಮುಂದೆ, ಎರಡು ಹಿಂದೆ ಚಕ್ರವಿರುವುದು ಹಳೆಯ ಬಗೆ, ಅದಕ್ಕೆ ಕ್ವಾಡ್ ಅನ್ನುತ್ತಾರೆ. ಇನ್‌ಲೈನ್‌ನಲ್ಲಿ ಚಕ್ರಗಳು ಒಂದರ ಹಿಂದೊಂದು, ರೈಲು ಡಬ್ಬಿಯ ಹಾಗೆ. ವಿಚಿತ್ರವೆಂದರೆ ಮೊದಲು ಬಂದದ್ದು ಸಾಲು ಚಕ್ರವೇ. 1760ರ ಸುಮಾರಿಗೆ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬಾತ ಚಕ್ರ ಕಟ್ಟಿಕೊಂಡು ಪಿಟೀಲು ಬಾರಿಸುತ್ತಾ ಔತಣಕ್ಕೆ ನುಗ್ಗಿ, ನಿಲ್ಲಿಸಲು ಬಾರದೆ ದೊಡ್ಡ ಕನ್ನಡಿಗೆ ಢೀ ಕೊಟ್ಟನಂತೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಸುಲಭವಾಗಿ ತಿರುಗುವ ಕ್ವಾಡ್ ಮಾಡಿದ ಮೇಲೆ ಸಾಲು ಚಕ್ರ ಮೂಲೆ ಸೇರಿತು. 1980ರ ಹೊತ್ತಿಗೆ ಮಿನಿಯಾಪೊಲಿಸ್‌ನ ಓಲ್ಸನ್ ಸೋದರರು ಮತ್ತೆ ಅದನ್ನು ಎತ್ತಿಕೊಂಡರು. ರೋಲರ್‌ಬ್ಲೇಡ್ ಎಂಬ ಹೆಸರು ಹುಟ್ಟಿದ್ದು ಹಾಗೆ.

ಅಗ್ರಹಾರದ ಹುಡುಗಿಯ ಜೋಡಿ ಹಳೆಯದು, ದೊಡ್ಡ ಹುಡುಗಿಯೊಬ್ಬಳಿಗೆ ಚಿಕ್ಕದಾದದ್ದು. ಹೊಸದು ಕೊಳ್ಳುವ ದುಡ್ಡಿಗೆ ಹಳೇ ಸ್ಕೂಟರೇ ಬರುತ್ತದೆ. ಅದಕ್ಕೇ ಯಜಮಾನರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: “ಪುಟ್ಟೀ, ಇದೊಂದು ರೇಸು. ಮೆಡಲು ಬಂದ್ರೆ ಸರಿ. ಇಲ್ಲಾಂದ್ರೆ ಜೂನ್‌ನಿಂದ ಟ್ಯೂಷನ್ನು.” ಹುಡುಗಿ ತಲೆ ಅಲ್ಲಾಡಿಸಿದ್ದಳು. ಎದುರು ಮಾತಾಡಿರಲಿಲ್ಲ.

ಅಭ್ಯಾಸವಾದರೂ ಎಲ್ಲಿ? ಸ್ಪರ್ಧೆಗೆಂದೇ ಕಟ್ಟುವ 200 ಮೀಟರಿನ ಟ್ರ್ಯಾಕಿನಲ್ಲಿ ತಿರುವುಗಳು ಒಳಕ್ಕೆ ಓರೆಯಾಗಿರುತ್ತವೆ. ಈ ಮಕ್ಕಳಿಗೆ ಸಿಕ್ಕಿರುವುದು ಹೊಸ ಬಡಾವಣೆಯ ಡಾಂಬರು ರಸ್ತೆ. ಬೆಳಿಗ್ಗೆ 5-30ರಿಂದ 6-30, ಅಷ್ಟೆ. ಆಮೇಲೆ ಹಾಲಿನ ಗಾಡಿ, ಸ್ಕೂಲು ವ್ಯಾನು. ಬೀದಿನಾಯಿ ಅಡ್ಡ ಬರುತ್ತದೆ. ತಾಯಂದಿರು ಸ್ಕೂಟರಿನ ದೀಪ ಹಾಕಿಕೊಂಡು ಹಿಂದೆ ಹಿಂದೆ ಹೋಗುತ್ತಾರೆ. ಸ್ಪೀಡ್ ಸ್ಕೇಟಿಗೆ ಬ್ರೇಕ್ ಇಲ್ಲ, ಒಂದು ಕಾಲನ್ನು ಹಿಂದೆ ಅಡ್ಡ ಎಳೆದೇ ನಿಲ್ಲಿಸಬೇಕು. “ಭಾನುವಾರ ಒಂದೇ ಒಂದು ಗಂಟೆ ಆ ರಸ್ತೆಗೆ ಗಾಡಿ ಬಿಡದೆ ಇದ್ರೆ ಸಾಕು, ನಾವು ಬೇರೇನೂ ಕೇಳಲ್ಲ” ಎನ್ನುವುದು ತಂದೆ ತಾಯಂದಿರ ಅಳಲು.

ಗೋಣಿಚೀಲದ ಸೇವೆ

ಶನಿವಾರ ಸಂಜೆ ಗುಡುಗು, ಮಳೆ. ಭಾನುವಾರ ಬೆಳಿಗ್ಗೆ ರಸ್ತೆಯೆಲ್ಲ ಒದ್ದೆ, ತಿರುವಿನಲ್ಲಿ ಮರಳು, ನೀರು. ಒದ್ದೆ ಡಾಂಬರಿನ ಮೇಲೆ ಚಕ್ರ ಜಾರಿದರೆ ಮಂಡಿ, ಮೊಣಕೈ ಹೋದ ಹಾಗೆ. “ಒಣಗದಿದ್ರೆ ಇವತ್ತು ಆಗಲ್ಲ” ಎಂದರು ಕೋಚು. ಮಕ್ಕಳ ಮುಖ ಬಾಡಿತು.

ಆಗ ಯಜಮಾನರು ಏನೂ ಹೇಳದೆ ಸ್ಕೂಟರು ಹತ್ತಿದರು. ವಾರದಲ್ಲಿ ಮೊದಲ ಸಲ ಅಂಗಡಿಯ ಬೀಗ ತೆಗೆದರು. ವ್ಯಾಪಾರಕ್ಕಲ್ಲ, ಖಾಲಿ ಗೋಣಿಚೀಲಕ್ಕೆ. ಇಪ್ಪತ್ತು ಚೀಲ, ಎರಡು ಪೊರಕೆ ತಂದರು. ಪಂಚೆ ಎತ್ತಿ ಕಟ್ಟಿ ತಿರುವಿನಲ್ಲಿ ಕೂತು ಒರೆಸತೊಡಗಿದರು. ಬ್ಯಾಂಕಿನವರು, ಮೇಷ್ಟ್ರು, ಆಟೋದವರು ಒಬ್ಬೊಬ್ಬರಾಗಿ ಕೈಹಾಕಿದರು. ಬಿಸಿಲೂ ಕೃಪೆ ಮಾಡಿತು. 8ರ ಹೊತ್ತಿಗೆ ಸೀಟಿ ಊದಿತು.

ಎರಡು ಸುತ್ತಿನ ಓಟ. ಹುಡುಗಿ ಮುಂದಿನವಳ ಬೆನ್ನಿಗೇ ಅಂಟಿಕೊಂಡಿದ್ದಳು. ಎದುರುಗಾಳಿ ಅವಳಿಗೆ ಹೊಡೆಯಲಿ, ಹಿಂದಿರುವವಳ ಶಕ್ತಿ ಉಳಿಯಲಿ ಎಂಬ ಲೆಕ್ಕ. ಕೊನೆಯ ನೇರದಲ್ಲಿ ಪಕ್ಕಕ್ಕೆ ಬಂದು ನುಗ್ಗಿದಳು. ಮೂರನೇ ಜಾಗ ಖಾತ್ರಿ ಎನ್ನುವಾಗ ತಲೆ ಎತ್ತಿ ಅಪ್ಪನ ಕಡೆ ನೋಡಿದಳು. ಅಷ್ಟೇ. ಪಕ್ಕದ ಹುಡುಗಿ ಕಾಲು ಚಾಚಿದಳು.

ಈ ಆಟದಲ್ಲಿ ಎದೆ, ತಲೆ ಲೆಕ್ಕವಿಲ್ಲ. ಮುಂದಿನ ಚಕ್ರ ಮೊದಲು ಗೆರೆ ಮುಟ್ಟಬೇಕು. ಒಂದು ಚಕ್ರದಷ್ಟೂ ಅಂತರವಿರಲಿಲ್ಲ. ಅಗ್ರಹಾರದ ಹುಡುಗಿ ನಾಲ್ಕನೆಯವಳು. ಮೆಡಲು ಮೂವರಿಗೆ.

ಅಳುತ್ತಿದ್ದವಳ ಹತ್ತಿರ ಕೋಚು ಕೂತರು. 2023ರ ಅಕ್ಟೋಬರ್ 2ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 3000 ಮೀಟರ್ ರಿಲೇ. ಗೆದ್ದೆವೆಂದು ಕೊರಿಯಾದ ಹುಡುಗ ಗೆರೆಗೆ ಮುಂಚೆಯೇ ಕೈ ಎತ್ತಿದ. ತೈವಾನಿನವನು ಕಾಲು ಚಾಚಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಚಿನ್ನ ಕಿತ್ತುಕೊಂಡ. ಅದೇ ಓಟದಲ್ಲಿ ಭಾರತಕ್ಕೆ ಕಂಚು, ಅಂದೇ ನಮ್ಮ ಹೆಣ್ಣುಮಕ್ಕಳ ರಿಲೇ ತಂಡಕ್ಕೂ ಕಂಚು. ಆ ಕಂಚಿನ ತಂಡದಲ್ಲಿದ್ದ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ 2025ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ 1000 ಮೀಟರಿನ ವಿಶ್ವ ಚಾಂಪಿಯನ್ ಆದ, 1 ನಿಮಿಷ 24.924 ಸೆಕೆಂಡಿನಲ್ಲಿ. “ದೊಡ್ಡ ದೊಡ್ಡೋರೇ ತಲೆ ಎತ್ತಿ ಸೋತವ್ರೆ ಕಣಮ್ಮ” ಎಂದರು ಕೋಚು.

ಯಜಮಾನರು ಸುಮ್ಮನೆ ಗೋಣಿಚೀಲ ಮಡಚುತ್ತಿದ್ದರು. ದಾರಿಯಲ್ಲಿ ಹುಡುಗಿಯೇ ಕೇಳಿದಳು, “ಅಪ್ಪಾ, ಇನ್ಮೇಲೆ ಬೇಡ್ವಾ?”

“ನನ್ನ ತಕ್ಕಡೀಲಿ ಹತ್ತು ಗ್ರಾಂ ಕಮ್ಮಿ ಬಂದ್ರೆ ಅಂಗಡಿ ಮುಚ್ತೀನಾ? ಇನ್ನೊಂದು ಹಿಡಿ ಹಾಕ್ತೀನಿ, ಅಷ್ಟೆ” ಎಂದರು ಯಜಮಾನರು.

ಮಾರನೆಯ ದಿನ ಸೋಮವಾರ ಗಿರಾಕಿಗಳು ಎಂದಿನಂತೆ 6ಕ್ಕೆ ಬಂದರೆ ಬಾಗಿಲು ತೆಗೆದಿಲ್ಲ. ಹಳೆಯ ರಟ್ಟಿನ ಹಿಂಬದಿಗೆ ಹೊಸ ಬರಹ: ‘ಇನ್ನು ಮುಂದೆ ಬೆಳಿಗ್ಗೆ 7ಕ್ಕೆ ತೆರೆಯಲಾಗುವುದು’. ಹಾಲು, ಬ್ರೆಡ್ಡಿಗೆ ಬಂದವರು ಗೊಣಗಿದರು. ಹೂವಿನಾಕೆ ಮಾತ್ರ ನಕ್ಕು ಹೇಳಿದಳು: “ಸ್ವಲ್ಪ ತಡ್ಕಳಿ ಸ್ವಾಮಿ. ಯಜಮಾನ್ರು ಮಗಳ ಹಿಂದೆ ಸ್ಕೂಟರ್ ದೀಪ ಹಾಕ್ಕೊಂಡು ಹೋಗವ್ರೆ.”